ಕೊನೆಯ ಬ್ಲಾಕಿನ ಮೇಲಿನ ಹೆಸರು

ಚೀನಾದ ಆ ಮಹಾಗೋಡೆಯ ಕತೆಯನ್ನು ಕೊಲ್ಲಿ ದೇಶದ ನಮ್ಮ ಕೆಲಸಗಾರರ ಕ್ಯಾಂಪಿನಲ್ಲಿ ಹೇಳಿದವನು ನಾನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ, ಓದುವ ಚಟ ಬಿಡಲಿಲ್ಲ. ಪೇಟೆಯ ಕಡೆ ಅಲ್ ಮನ್ಸೂರಾದ ಹೋಟೆಲೊಂದರಲ್ಲಿ ಊರಿನ ಹಳೆಯ ವಾರಪತ್ರಿಕೆಗಳು ಇರುತ್ತಿದ್ದವು. ಒಂದು ಚಹಾಕ್ಕೆ ನಾಲ್ಕು ಪತ್ರಿಕೆ ಮುಗಿಸಿ ಬರುತ್ತಿದ್ದೆ. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ಅನ್ನ ಇಳಿಯುತ್ತಿರಲಿಲ್ಲ.

“ಆ ಗೋಡೆ ಕಟ್ಟಿದವರು ನಮ್ಮ ಹಾಗೇ ಮಾರಾಯ್ರೇ,” ಎಂದಿದ್ದೆ. “ಹೆಂಡತಿ ಮಕ್ಕಳನ್ನು ಬಿಟ್ಟು ಬಂದವರು. ಎಷ್ಟೋ ಜನ ಚಳಿಗೆ ಅಲ್ಲೇ ಸತ್ತರಂತೆ. ಆದರೆ ಕೆಲವು ಕಡೆ ಇಟ್ಟಿಗೆ ಮೇಲೆ ಮಾಡಿದವರ ಹೆಸರು ಒತ್ತಿದ್ದಾರೆ. ರಾಜ ಹೋದ, ಹೆಸರು ಇನ್ನೂ ಉಂಟು!”

ಪಂಚಪ್ಪ ತುತ್ತು ಕೈಯಲ್ಲೇ ಹಿಡಿದು ಕುಳಿತ. ಬಾಗಲಕೋಟೆ ಕಡೆಯ ಗೌಂಡಿ ಅವನು. ಕರಣಿ ಹಿಡಿದರೆ ಗಾರೆ ಅವನ ಮಾತು ಕೇಳುತ್ತಿತ್ತು. ಬರೆಯಲು ಬರುತ್ತಿದ್ದುದು ತನ್ನ ಹೆಸರೊಂದೇ. ಪಾಸ್‌ಪೋರ್ಟಿನ ಸಹಿಗಾಗಿ ಕಲಿತದ್ದು.

“ಇನ್ನೂ ಅಳಿಸಿಲ್ಲೇನ್ರಿ ಬೋಜಣ್ಣಾ?”

“ಇಲ್ಲ ಅಂದೆನಲ್ಲ.”

ಹೆಸರು ಯಾಕೆ ಒತ್ತುತ್ತಿದ್ದರು ಎಂಬುದೂ ಆ ಪತ್ರಿಕೆಯಲ್ಲಿತ್ತು. ಕತೆಯ ರುಚಿ ಕೆಡುತ್ತದೆಂದು ಅದನ್ನು ನಾನು ಹೇಳಲಿಲ್ಲ.

ಅದು ತೊಂಬತ್ತೈದನೇ ಇಸವಿ. ಅಬು ಹಮೂರ್‌ನಲ್ಲಿ ಒಂದು ವಿಲ್ಲಾದ ಕಾಂಪೌಂಡ್ ಗೋಡೆ ನಮ್ಮ ಕೆಲಸ. ನಾನು ಫೋರ್‌ಮನ್, ಈ ತುದಿಯಿಂದ ಆ ತುದಿಗೆ ದಾರ ಕಟ್ಟಿಕೊಡುವವನು. ದಾರ ಹೋದಂತೆ ಗೋಡೆ. ಶುಕ್ರವಾರ ರಜೆ; ಗುರುವಾರ ಬೆಳಗ್ಗೆಯೇ ಗಾಳಿ ಎದ್ದಿತ್ತು.

“ಅಣ್ಣಾರ, ದಾರ ನಡುವ ಬಾಗಾಕತ್ತೈತ್ರಿ,” ಎಂದ ಪಂಚಪ್ಪ. “ದಾರಕ್ಕ ನಡುವ ಆಸರಾ ಒಂದೆರಡು ಗೂಟ ಹೊಡೆಯೂಣೇನ್ರಿ?”

ಸಂಜೆ ಮನ್ಸೂರಾಕ್ಕೆ ಹೋಗುವ ವ್ಯಾನು ನನ್ನ ತಲೆಯಲ್ಲಿ ಓಡುತ್ತಿತ್ತು. “ಗೂಟ ಹುಡುಕುತ್ತಾ ಕೂತರೆ ಇಂದು ಮುಗಿಯುತ್ತದಾ? ಯಲ್ಲಾ, ಕಟ್ಟು ಮಾರಾಯ, ಖಲಾಸ್ ಮಾಡು.”

ಅವನು ಕಟ್ಟಿದ. ಮುಗಿದ ಮೇಲೆ ಕೊನೆಯ ಬ್ಲಾಕಿಗೆ ಅಂಗೈಯಗಲ ಗಾರೆ ಸವರಿ, ಕರಣಿಯ ತುದಿಯಿಂದ ‘ಪಂಚಪ್ಪ’ ಎಂದು ಕೊರೆದು, ಪರೀಕ್ಷೆ ಬರೆದ ಮಗುವಿನಂತೆ ನನ್ನ ಮುಖ ನೋಡಿದ. “ಶಾಭಾಸ್!” ಎಂದೆ ನಾನು.

ಶನಿವಾರ ಇಂಜಿನಿಯರ್ ತಿರುಮಲೇಶ್ ಬಂದರು. ಮೈಸೂರಿನವರು. ಒಂದು ಕಣ್ಣು ಮುಚ್ಚಿ ಗೋಡೆಯುದ್ದ ನೋಡಿದರು. ನಡುವೆ ಗೋಡೆ ಹೊಟ್ಟೆ ಬಿಟ್ಟು ನಿಂತಿತ್ತು.

“ಯಾವನಯ್ಯಾ ಇದನ್ನ ಕಟ್ಟಿದ್ದು?”

ಯಾರೂ ಉತ್ತರಿಸಬೇಕಾಗಲಿಲ್ಲ. ಅವರ ಕಣ್ಣು ಕೊನೆಯ ಬ್ಲಾಕಿಗೆ ಹೋಗಿತ್ತು.

ಚೀನಾದಲ್ಲೂ ಅದಕ್ಕೇ ಒತ್ತುತ್ತಿದ್ದರು: ಇಟ್ಟಿಗೆ ಕೆಟ್ಟರೆ ಯಾರನ್ನು ಹಿಡಿಯಬೇಕೆಂದು ತಿಳಿಯಲು.

“ಓಹೋ, ರುಜು ಬೇರೆ ಹಾಕಿದ್ದೀಯ! ಒಡೆದು ಹಾಕು. ಇವತ್ತಿಂದ ನೀನು ಹೆಲ್ಪರ್. ಕರಣಿ ಮುಟ್ಟಿದ್ರೆ ಊರಿಗೆ ಕಳಿಸ್ತೀನಿ.”

ಪಂಚಪ್ಪ ನನ್ನ ಕಡೆ ನೋಡಿದ. ಒಂದೇ ಸಲ. ಮೂರು ಜನಕ್ಕೆ ಸಾಲುವಷ್ಟು ಮಾತಾಡುವ ನಾನು ನನ್ನ ಬೂಟಿನ ದಾರ ಬಿಗಿದುಕೊಳ್ಳುತ್ತಿದ್ದೆ. ಅವನು ಸುತ್ತಿಗೆ ತಂದು ಮೊದಲು ತನ್ನ ಹೆಸರನ್ನೇ ಒಡೆದ.

ಮುಂದಿನ ಶುಕ್ರವಾರ ಅವನು ಹೆಂಡತಿಗೆ ಕ್ಯಾಸೆಟ್ ತುಂಬಿಸಲು ಕುಳಿತ. ಕಾಗದ ಬರೆಯಲು ಬಾರದವರೆಲ್ಲ ಟೇಪ್‌ರೆಕಾರ್ಡರಿನಲ್ಲಿ ಮಾತಾಡಿ, ಊರಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸುವುದು ನಮ್ಮಲ್ಲಿ ವಾಡಿಕೆ.

“ಪಾರವ್ವಾ, ನಾ ಆರಾಮ ಅದೀನಿ. ಗೌಂಡಿ ಕೆಲಸ ಭೇಷ್ ನಡದೈತಿ. ಇಲ್ಲೊಂದು ಗ್ವಾಡಿ ಕಟ್ಟಿ ನನ್ನ ಹೆಸರು ಬರದೇನಿ. ಬೋಜಣ್ಣ ಅಂತ ಅದಾರ, ಭಾಳ ತಿಳದವರು, ಅವರೇ ಹೇಳಿಕೊಟ್ಟಿದ್ದು.” ಪೆಟ್ಟಿಗೆಯನ್ನು ನನ್ನ ಬಾಯಿಯ ಹತ್ತಿರ ಹಿಡಿದ. “ನೀವೂ ಒಂದ್ ಮಾತು ಹೇಳ್ರಿ ಅಣ್ಣಾರ.”

ಟೇಪು ತಿರುಗುತ್ತಿತ್ತು.

“ಪಾರವ್ವಕ್ಕಾ,” ಎಂದೆ. “ಆ ಗೋಡೆ ಡೊಂಕಾಯಿತು. ದಾರ ಕಟ್ಟಿದ್ದು ನಾನು. ನಿಮ್ಮ ಗಂಡ ದಾರ ಬಾಗುತ್ತಿದೆ ಅಂತ ಹೇಳಿದ್ದ—”

ಟಕ್ಕನೆ ಗುಂಡಿ ಒತ್ತಿ ನಿಲ್ಲಿಸಿದ. ಟೇಪನ್ನು ಹಿಂದಕ್ಕೆ ಓಡಿಸುತ್ತ, ತಲೆ ಎತ್ತದೆ ಹೇಳಿದ: “ಆಕಿಗೆ ಹೇಳಿ ಏನ್ ಮಾಡ್ತೀರಿ? ಹೇಳೂದಿದ್ರ ಸಾಹೇಬರಿಗೆ ಹೇಳ್ರಿ.”

ಮರುದಿನ ಬೆಳಗ್ಗೆ ಹೋದೆ, ಸುಳ್ಳಲ್ಲ. ಇಂಜಿನಿಯರರ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತೆ. ಏಸಿಯ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು.

“ಏನಯ್ಯಾ ಬೋಜ?”

“ಸರ್...” ಎಂದೆ. “ಸಿಮೆಂಟು ನಾಳೆಗೆ ಮುಗಿಯುತ್ತದೆ ಸರ್.”

“ಹೂಂ. ತರಿಸ್ತೀನಿ.”

ಹೊರಗೆ ಪಂಚಪ್ಪ ತಲೆಯ ಮೇಲೆ ಗಾರೆಯ ಬುಟ್ಟಿ ಹೊತ್ತು ನಿಂತಿದ್ದ. ಕಾಯುತ್ತಿದ್ದ ಅನ್ನಿಸುತ್ತದೆ. ನನ್ನ ಮುಖ ನೋಡಿದ. ಬುಟ್ಟಿ ಇಳಿಸಿದವನೇ, ನಾನು ಹೇಳುವ ಮೊದಲೇ ಆ ದಿನದ ದಾರಕ್ಕೆಂದು ನಾಲ್ಕು ಗೂಟ ತಂದು ನನ್ನ ಕಾಲ ಬಳಿ ಇಟ್ಟು ಹೋದ.