ಸಪ್ಪೆ ಚಹಾ

ಸಕ್ಕರೆ ಕಾಯಿಲೆ ಇದ್ದದ್ದು ನಮ್ಮ ಮನೆಯವರಿಗೆ, ನನಗಲ್ಲ. ಫೋಂಡಾದ ದವಾಖಾನೆಯಲ್ಲಿ ಡಾಕ್ಟರರ ಮುಂದೆ ತಲೆಯಾಡಿಸಿದವರು ಹೊರಗೆ ಬಂದು ನನ್ನ ಮೇಲೆ ಹರಿಹಾಯ್ದರು.

"ಅದು ಕುಂತು ಉಣ್ಣೋರ ಬ್ಯಾನಿ. ದಿನಾ ಕಾಂಕ್ರೀಟ್ ಹೊರಾವ್ಗ ಎಲ್ಲಿಂದ ಬರ್ತೈತಿ?"

ಕಟ್ಟಡದ ಕೆಲಸದಲ್ಲಿ ಯಾರಿಗೂ ಗೊತ್ತಾಗಬಾರದೆಂದು ಚಹಾಕ್ಕೆ ಎಲ್ಲರಿಗಿಂತ ಮೊದಲು ಕೈಚಾಚುತ್ತಿದ್ದರು. ಅಲ್ಲಿ ನಮಗೆಲ್ಲ ಚಹಾ ಕಾಯಿಸುವವಳು ಭೂರಿಬಾಯಿ; ಅವಳ ಚಹಾ ಅಂದರೆ ಬೆಲ್ಲದ ಪಾಕವೇ. ಬೇಡಿಕೊಂಡೆ, ಬೈದೆ, ಮಾತು ಬಿಟ್ಟೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೊನೆಗೊಂದು ದಿನ ಎಲ್ಲರೆದುರು ಹೇಳಿಬಿಟ್ಟೆ.

"ಭೂರಕ್ಕಾ, ನನಗ ಸಕ್ಕರಿ ಬ್ಯಾನಿ ಬಂದೈತಿ. ನನಗಷ್ಟ ಸಪ್ಪನ್ ಚಾ ಕೊಡವಾ."

ಅಂದಿನಿಂದ ಉಸುಕಿನ ಗುಡ್ಡೆಯ ಹಿಂದೆ ಕೂತು ಲೋಟ ಬದಲಿಸಿಕೊಳ್ಳುತ್ತಿದ್ದೆವು. ಅವರು ಮುಖ ತಿರುಗಿಸಿ ಕುಡಿಯುತ್ತಿದ್ದರು. ಕುಡಿದರಲ್ಲ, ಅಷ್ಟೇ ಸಾಕೆಂದು ನಾನು ಹಿಗ್ಗುತ್ತಿದ್ದೆ.

ಸ್ಲ್ಯಾಬ್ ಹಾಕುವ ದಿನ ಬಂತು. ಕಾಯಿ ಒಡೆದ ಮೇಲೆ ಚಪ್ಪಲಿ ಮೆಟ್ಟಿ ಸ್ಲ್ಯಾಬ್ ಏರಬಾರದು, ಅದು ನಮ್ಮ ಮಂದಿಯ ನೇಮ. ನಾನೂ ಬರಿಗಾಲಲ್ಲಿ ಸಾಲಿಗೆ ನಿಂತಾಗ ಮೇಸ್ತ್ರಿ ಯಮನೂರ ಅಡ್ಡ ಬಂದ.

"ಹನುಮಕ್ಕಾ, ಸಕ್ಕರಿ ಬ್ಯಾನಿಯವರು ಬರಿಗಾಲಿಲೆ ಸಿಮೆಂಟ್ ತುಳಿಬಾರದು. ನಮ್ಮಪ್ಪನ ಕಾಲು ಹಂಗ ಹೋತು. ನೀ ಮನಿಗಿ ನಡಿ, ಇನ್ನ ಬರಬ್ಯಾಡ."

ನನಗೆ ದಿಗಿಲಾದದ್ದು ಕೂಲಿ ಹೋಯಿತೆಂದಲ್ಲ. ಅವನ ಬೆನ್ನ ಹಿಂದೆಯೇ ನಮ್ಮ ಮನೆಯವರು ತಲೆಯ ಮೇಲೆ ಬುಟ್ಟಿ ಹೊತ್ತು, ಬರಿಗಾಲಲ್ಲಿ ಏಣಿಗೆ ಹೆಜ್ಜೆ ಇಟ್ಟಿದ್ದರು. ನಾನು ಅವರನ್ನೇ ನೋಡಿದೆ. ಈ ಸಲ ಅವರ ಬದಲು ನಾನು ಬಾಯಿ ಬಿಡಲಿಲ್ಲ.

ಅವರು ಬುಟ್ಟಿ ಇಳಿಸಿದರು. "ಆಕಿಗಲ್ಲೋ ಯಮನೂರ. ನನಗೈತಿ."

ಮಂದಿಯೆಲ್ಲ ನಕ್ಕರು. "ಹೇಂತಿ ಬ್ಯಾನಿನೂ ತಾನ ಹೊರತಾನ ನೋಡ್ರಿ, ಚಂದಪ್ಪಣ್ಣ!" ಎಂದಳು ಭೂರಿಬಾಯಿ, ನಮ್ಮ ಮನೆಯವರತ್ತ ಕೈ ಮಾಡಿ.

ಅವರು ನಗಲಿಲ್ಲ. ಅಲ್ಲೇ ಕೂತು ಎಡಗಾಲಿನ ಅಂಗಾಲು ತಿರುಗಿಸಿ ತೋರಿಸಿದರು. ಮೊಳೆ ಚುಚ್ಚಿದ ಗಾಯ, ಸುತ್ತಲೂ ಕಪ್ಪಿಟ್ಟಿತ್ತು. ಒಂದೇ ಕೌದಿಯಲ್ಲಿ ಮಲಗುವ ನನಗೂ ಅದನ್ನು ತೋರಿಸಿರಲಿಲ್ಲ.

"ನೋಯಾಕತ್ತಿಲ್ಲೇನ್ರಿ?" ಎಂದೆ.

"ಇಲ್ಲ." ಅವರು ಹೆಬ್ಬೆರಳಿನಿಂದ ಗಾಯ ಒತ್ತಿದರು. "ಏನೂ ನೋಯವಲ್ದು. ಅದಕ್ಕ ಅಂಜಿಕಿ ಆಗೈತಿ, ಹನುಮವ್ವ."

ಅಂಜಿಕೆ ಎಂಬ ಮಾತನ್ನು ಆ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ. ಯಮನೂರ ತನ್ನ ಚಪ್ಪಲಿ ತಂದು ಅವರ ಕಾಲ ಬಳಿ ಇಟ್ಟ. ನಾನು ತೊಡಿಸಿ, ದವಾಖಾನೆಗೆ ಹೋಗಲು ಎಬ್ಬಿಸಿದೆ.

ಎಲ್ಲರೂ ನೋಡುತ್ತಿದ್ದರು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು ನಡೆದರು.