ಮನುಷ್ಯರು ನೋಡಿದ್ದಾರೆ

"ಇದರಲ್ಲಿರೋ ಮನುಷ್ಯ ನೀನೇ ತಾನೆ? ಬಾಯಿ ಬಿಡೋ."

ಅಕ್ಕ ಕಾಗದವನ್ನು ತಮ್ಮನ ಮೇಜಿನ ಮೇಲೆ ಬಡಿದಳು. ಅವನು ಕೆಲಸ ಮಾಡುವ ಬಾಡಿಗೆ ಮನೆಗಳ ಕಂಪನಿಯದೇ ಕಾಗದ. ಮನೆ ಕೇಳಿ ಅವಳು ಹಾಕಿದ್ದ ಅರ್ಜಿ ತಿರಸ್ಕೃತ, ಕಾರಣ ಹಾಲಿ ವಿಳಾಸ. ಕೆಳಗೆ 'ಮನುಷ್ಯರು ನೋಡಿದ್ದಾರೆ' ಎಂಬ ಮೊಹರು, ಅದರ ಪಕ್ಕ ಅವನ ಸಹಿ.

"ಈ ಸಹಿ ಹಾಕೋದು ಕಲಿಸಿದ್ದೇ ನಾನು."

ಅರ್ಜಿ ಆರಿಸುವುದು ಯಂತ್ರ. ಅದು ಓಣಿ ನೋಡಿ ಜನರನ್ನು ಅಳೆಯುತ್ತದೆಂದು ಗಲಾಟೆಯಾದ ಮೇಲೆ ಸರ್ಕಾರ ಕಾನೂನು ತಂದಿತ್ತು. ಯಂತ್ರ ಬೇಡವೆಂದರೆ ಕಾರಣ ಹೇಳಬೇಕು, ಆಮೇಲೆ ಒಬ್ಬ ಮನುಷ್ಯ ಮತ್ತೆ ನೋಡಬೇಕು. ಆ ಮನುಷ್ಯನಾಗಿ ಕಂಪನಿ ಇವನನ್ನು ಕೂರಿಸಿತ್ತು. ದಿನಕ್ಕೆ ನಾನೂರು ಅರ್ಜಿ. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಮೊಹರು, ಸಹಿ ಎರಡೂ ಬೀಳುತ್ತಿದ್ದವು. ನೋಡುವುದೆಲ್ಲಿಂದ ಬಂತು?

"ಹೆಸರು ಕಾಣಿಸಲ್ಲ ಅಕ್ಕ. ಬರೀ ನಂಬರು."

"ಓಣಿ ಕಾಣಿಸತ್ತಲ್ಲ? ನೀನು ಅಂಬೆಗಾಲಿಟ್ಟ ಓಣಿ ಕಣೋ ಅದು."

ಅವನು ಪರದೆಯ ಕಡೆ ತಿರುಗಿದ.

"ನಿಮ್ಮ ಭಾವ ಗಾರೆ ಕೆಲಸದಲ್ಲಿ ಬಿದ್ದು ಸೊಂಟ ಮುರಕೊಂಡು ಎಂಟು ತಿಂಗಳು. ಮೂರನೇ ಮಹಡಿಯಿಂದ ಒಂದು ದಿನಾನೂ ಕೆಳಗಿಳಿದಿಲ್ಲ. ಮೆಟ್ಟಿಲಿಲ್ಲದ ಮನೆ ಅಂತ ತಾನೇ ಇದನ್ನ ಕೇಳಿದ್ದು? ತಮ್ಮನ ಕಂಪನಿ, ಸಿಕ್ಕೇ ಸಿಗತ್ತೆ ಅಂತ ನಿನ್ನೆ ಗಡ್ಡ ಹೆರೆದುಕೊಂಡು ಕೂತಿದ್ರು."

"ಇನ್ನು ಒಂದು ವರ್ಷ ಅರ್ಜಿ ಹಾಕೋ ಹಾಗಿಲ್ಲ."

"ಗೊತ್ತು. ಕೆಳಗೆ ಕೌಂಟರಿನವಳು ಹೇಳಿದ್ಲು. ನೋಡಿಲ್ಲ ಅಂತ ನೀನೇ ಬರೆದುಕೊಟ್ರೆ ಬೇರೆಯವರು ನೋಡಬೇಕಂತೆ, ಕಾನೂನಿದೆ." ಅವಳು ಕಾಗದವನ್ನು ಮಗುಚಿ ಪೆನ್ನು ಮುಂದೆ ತಳ್ಳಿದಳು. "ಬರಿ. ನಾನು ನೋಡಲಿಲ್ಲ. ಎರಡೇ ಮಾತು."

ಅವನು ಪೆನ್ನು ಹಿಡಿದ. ಕ್ಯಾಪು ತೆಗೆದ, ಹಾಕಿದ.

"ನೋಡಿಲ್ಲ ಅಂತ ಬರೆದ್ರೆ ಕೆಲಸ ಹೋಗತ್ತೆ ಅಕ್ಕ."

"ನೋಡೋದೇ ನಿನ್ನ ಕೆಲಸ ಅಲ್ವೇನೋ?"

ಅವನು ಪೆನ್ನನ್ನು ಮೇಜಿನ ಮೇಲಿಟ್ಟ.

ಅಕ್ಕನ ದನಿ ಇಳಿಯಿತು. "ಯಂತ್ರಕ್ಕೆ ಕರುಳಿಲ್ಲ ಅಂತ ನಿನ್ನ ಕೂರಿಸಿದ್ರು. ನೀನು ಅದಕ್ಕಿಂತ ಒಂದು ಕೈ ಮೇಲು."

ಹೊಲಿಗೆಯವಳು ಅವಳು. ಸೊಂಟ ಬಿಗಿ ಮಾಡಿಕೊಡು ಎಂದು ಅವನು ಕೊಟ್ಟಿದ್ದ ಕಂಪನಿಯ ಕೋಟು ಚೀಲದಲ್ಲಿತ್ತು. ಇಸ್ತ್ರಿ ಮಾಡಿ ಮಡಿಸಿದ್ದಳು. ಅದನ್ನು ಅವನ ಕೀಬೋರ್ಡಿನ ಮೇಲೆ ಕುಕ್ಕಿ ಹೊರಟುಹೋದಳು.

ಕಾಗದ ಬಿಟ್ಟುಹೋಗಿದ್ದಾಳೆ, ಅದಕ್ಕಾದರೂ ಬಂದಾಳು ಎಂದು ಅವನು ಬಾಗಿಲನ್ನೇ ನೋಡುತ್ತ ಕೂತ. ಮೆಟ್ಟಿಲಿನ ಮೇಲೆ ಚಪ್ಪಲಿ ಸದ್ದು ಕೆಳಗಿಳಿದು ನಿಂತಿತು. ಅವಳು ಬರಲಿಲ್ಲ.

ತಿರುಗಿದಾಗ ಕೋಟಿನ ಭಾರಕ್ಕೆ ಮೊಹರಿನ ಗುಂಡಿ ಒತ್ತಿಹೋಗಿತ್ತು. ಪರದೆಯ ಮೇಲೆ ಅರ್ಜಿಗಳು ಒಂದರ ಹಿಂದೊಂದು ಬಂದು ಮುಚ್ಚಿಕೊಳ್ಳುತ್ತಿದ್ದವು. ಮನುಷ್ಯರು ನೋಡಿದ್ದಾರೆ. ಮನುಷ್ಯರು ನೋಡಿದ್ದಾರೆ.