ಕಾರಿನ ಹೊಳಪಿನ ಔಷಧಿ

ನನ್ನ ಗಂಡ ಚನ್ನರಾಯಪ್ಪ ಓಡಿಸುತ್ತಿದ್ದ ಕಾರು ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದ ಕೋದಂಡರಾಮಪ್ಪನವರದು. ಕಪ್ಪು ಅಂಬಾಸಿಡರ್. ಹತ್ತಿ ಕೂತು ಮೆರೆಯುವವರು ಅವರು, ಅದರ ಮೈ ತೊಳೆಯುವವರು ನಾವು. ಊರಾಚೆಯ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಪಂಪ್‌ಸೆಟ್ಟು ಇತ್ತಲ್ಲ, ನನ್ನ ಗಂಡ ದಿನಾ ಬೆಳಿಗ್ಗೆ ಕಾರನ್ನು ಅದರ ತೊಟ್ಟಿಯ ಪಕ್ಕ ನಿಲ್ಲಿಸಿ ತೊಳೆಯುತ್ತಿದ್ದರು. ಎಮ್ಮೆಯ ಮೈ ತೊಳೆಯಿರಿ ಅಂದರೆ ಮಾತ್ರ ಅವರಿಗೆ ಸೊಂಟ ನೋವು.

ನಮ್ಮ ಕಡೆ ಬಾವಿ ನೀರು ಗಡಸು. ಕಪ್ಪು ಕಾರಿನ ಮೇಲೆ ಆ ನೀರು ತಾನಾಗಿ ಆರಿದರೆ ಸುಣ್ಣ ಚಿಮುಕಿಸಿದ ಹಾಗೆ ಮೈತುಂಬ ಬಿಳಿ ಕಲೆ. ಅದಕ್ಕೇ ನೀರು ಆರುವ ಮುಂಚೆ, ಸೊಳ್ಳೆಗೆ ಔಷಧಿ ಹೊಡೆಯುವ ತಗಡಿನ ಕೈಪಂಪಿಗೆ ಸೀಮೆಎಣ್ಣೆ ತುಂಬಿ ಕಾರಿನ ಮೇಲೆಲ್ಲ ಹೊಡೆದು, ಹಳೇ ಪಂಚೆಯ ಚೂರಿನಿಂದ ಒರೆಸುತ್ತಿದ್ದರು. ನೀರು ಜಾರಿ ಹೋಗಿ ಕಾರು ಮಿರಮಿರ ಮಿಂಚುತ್ತಿತ್ತು.

ನನ್ನ ಚಾಕರಿ ಬೇರೆ. ನಾನು ರೇಷ್ಮೆ ಹುಳ ಸಾಕುತ್ತಿದ್ದೆ. ಹುಳ ಸಾಕಿದವರಿಗೇ ಗೊತ್ತು ಆ ಪಾಡು. ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಇರುವೆ ಕಾಯಬೇಕು. ಹುಳಕ್ಕೆ ವಾಸನೆ ಆಗುವುದಿಲ್ಲವೆಂದು ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ನನ್ನ ಗಂಡ ಬೀಡಿ ಸೇದಬೇಕಾದರೆ ಬೀದಿಯ ಕೊನೆಗೆ ಹೋಗಬೇಕು. ತಿಂಗಳುಗಟ್ಟಲೆ ಸಪ್ಪೆ ಸಾರು ತಿಂದು ನಾಲಿಗೆ ಸತ್ತುಹೋಗಿರುತ್ತಿತ್ತು. ಆದರೂ ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಹುಳದ ಕೋಣೆಯೊಂದೇ. ಅಲ್ಲಿ ನಾನು ಹೇಳಿದ ಹಾಗೆ ನಡೆಯುತ್ತಿತ್ತು. ನಾನು ಆಗುವುದಿಲ್ಲ ಅಂದರೆ ಅತ್ತೆಯೂ ಒಳಗೆ ಬರುವ ಹಾಗಿರಲಿಲ್ಲ.

ಎಂಬತ್ತೆರಡನೇ ಇಸವಿಯಲ್ಲಿ ಮೇಲಿಂದ ಮೇಲೆ ಎರಡು ಬೆಳೆ ಹೋದವು. ಹುಳಗಳು ಚೆನ್ನಾಗಿಯೇ ಬೆಳೆಯುತ್ತಿದ್ದವು. ನಾಲ್ಕನೇ ಜ್ವರ ಮುಗಿಸಿ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಬಕಾಸುರರ ಹಾಗೆ ಸೊಪ್ಪು ತಿನ್ನುವ ಹೊತ್ತಿಗೆ ಒಂದು ಬೆಳಿಗ್ಗೆ ತಲೆ ಎತ್ತಿ ಆಡಿಸುತ್ತ, ಹಸಿರು ನೀರು ಕಕ್ಕಿ, ಮುದುಡಿ ಸಾಯುತ್ತಿದ್ದವು. ತಟ್ಟೆ ತಟ್ಟೆಯೇ ಎತ್ತಿ ತಿಪ್ಪೆಗೆ ಸುರಿದೆ. ಹೆತ್ತ ಮಕ್ಕಳನ್ನು ಹೂತ ಹಾಗಾಗಿತ್ತು ನನಗೆ.

ನಮ್ಮತ್ತೆ ಮುನಿಗಂಗಮ್ಮ ಅಳಲಿಲ್ಲ, ಬಯ್ಯಲೂ ಇಲ್ಲ. ಜಗಲಿಯ ಮೇಲೆ ಕೂತು, ಹೋಗಿಬರುವವರ ಕಿವಿಗೆಲ್ಲ ಬೀಳುವ ಹಾಗೆ ಒಂದೇ ಮಾತು ಹೇಳಿದರು.

“ಹುಳದ್ದೇನೂ ತಪ್ಪಿಲ್ಲ ಕಣೇ ರತ್ನಾ. ನಿನ್ನ ಕೈಗುಣ ಸರಿ ಇಲ್ಲ.”

ನಮ್ಮ ಕಡೆ ಇದು ಸಣ್ಣ ಮಾತಲ್ಲ. ಕೈಗುಣ ಚೆನ್ನಾಗಿದೆ ಎಂದು ಹೆಸರಾದವರನ್ನು ಮನೆಮನೆಗೆ ಕರೆಯುತ್ತಾರೆ. ಮೊಟ್ಟೆಯೊಡೆದ ಹುಳಕ್ಕೆ ಮೊದಲ ಸೊಪ್ಪು ಅವರ ಕೈಯಿಂದಲೇ ಬೀಳಬೇಕು. ಕೈಗುಣ ಇಲ್ಲ ಅನ್ನಿಸಿಕೊಂಡವಳು ಹುಳದ ಮನೆಯ ಹೊಸ್ತಿಲ ಹತ್ತಿರ ಸುಳಿಯಬಾರದು. ವೆಂಕಟರತ್ನಮ್ಮ ಎಂಬ ನನ್ನ ಹೆಸರನ್ನು ಊರು ಮರೆತು, ಕೈಗುಣವಿಲ್ಲದವಳು ಅನ್ನುವುದಕ್ಕೆ ಶುರುಮಾಡಿತು. ನಾನು ಹೊಲಕ್ಕೆ ಹೋಗುವಾಗ ಎದುರಾದ ಹೆಂಗಸರು ತಮ್ಮ ಸೊಪ್ಪಿನ ಬುಟ್ಟಿಗೆ ಸೆರಗು ಮುಚ್ಚುತ್ತಿದ್ದರು.

ಮೂರನೇ ಬೆಳೆಗೆ ಅತ್ತೆ ಷರತ್ತು ಹಾಕಿದರು.

“ಇದೂ ಹೋದ್ರೆ ಹುಳದ ಕೋಣೆ ಶಾಮಲಂಗೆ ಕೊಟ್ಬಿಡ್ತೀನಿ. ನೀನು ಕೂಲಿಗೆ ಹೋಗು.”

ಶಾಮಲಮ್ಮ ಪಕ್ಕದ ಮನೆಯಲ್ಲಿದ್ದ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಒಳ್ಳೆಯವಳೇ. ಆದರೆ ಆ ಮಾತು ಕೇಳಿ ಅವಳು ನೆಲ ನೋಡಿದಳೇ ಹೊರತು ಬೇಡ ಅನ್ನಲಿಲ್ಲ.

ಮೂರನೇ ಬೆಳೆಯ ಹುಳ ನಾಲ್ಕನೇ ಜ್ವರದಿಂದ ಏಳುವ ದಿನವೇ ನನ್ನ ಗಂಡ ಕೋಲಾರದಿಂದ ಒಂದು ಕೈಚೀಲ ತಂದರು. ಕೋದಂಡರಾಮಪ್ಪನವರ ಮಗಳ ಮದುವೆ ಗೊತ್ತಾಗಿತ್ತು. ಮದುಮಗಳು ಸೀಮೆಎಣ್ಣೆ ವಾಸನೆಯಲ್ಲಿ ಕೂರಬೇಕೇನಯ್ಯ, ಬೇರೆ ಏನಾದರೂ ತಗೊಂಡು ಬಾ ಎಂದು ಯಜಮಾನರು ಗದರಿದ್ದರಂತೆ. ಮೋಟಾರು ಸಾಮಾನಿನ ಅಂಗಡಿಯವನು ಮೂರು ಬಗೆ ಕೊಟ್ಟು, ನೋಡಿ ಒಂದನ್ನು ಇಟ್ಟುಕೋ, ಮಿಕ್ಕದ್ದು ವಾಪಸ್ ತಾ ಅಂದಿದ್ದ.

ನನ್ನನ್ನು ತೊಟ್ಟಿಯ ಹತ್ತಿರ ಕರೆದರು. ಕಾರು ಒದ್ದೆ ಮೈಯಲ್ಲಿ ನಿಂತಿತ್ತು. ಮೂರನ್ನೂ ಬಾನೆಟ್ಟಿನ ಮೇಲೆ ಸಾಲಾಗಿ ಇಟ್ಟಿದ್ದರು. ಒಂದು, ತಲೆ ಒತ್ತಿದರೆ ಬುಸ್ ಅನ್ನುವ ಫಾರಿನ್ ಡಬ್ಬಿ. ಎರಡನೆಯದು ಗುಲಾಬಿ ಬಣ್ಣದ ಸೀಸೆ, ಮಲ್ಲಿಗೆಯ ವಾಸನೆ. ಮೂರನೆಯದು ಹಾಲಿನಂಥದ್ದು, ನೀರಿಗೆ ಬೆರೆಸಿ ಹೊಡೆಯಬೇಕಂತೆ. ಒಂದೊಂದನ್ನು ಒಂದೊಂದು ಬಾಗಿಲಿಗೆ ಹೊಡೆದು ಒರೆಸಿದ್ದರು. ಫಾರಿನ್ ಡಬ್ಬಿ ಹೊಡೆದ ಬಾಗಿಲಲ್ಲಿ ನನ್ನ ಮುಖ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಂಡಿತು. ಎಷ್ಟು ಬಾಡಿದ್ದೀನಿ ಎಂದು ನನಗೆ ಗೊತ್ತಾದದ್ದು ಆಗಲೇ.

“ನಿನ್ನ ಮೂಗು ಚುರುಕಲ್ವಾ, ಮೂಸಿ ನೋಡು. ಹುಳಕ್ಕೆ ಯಾವುದು ಆಗಲ್ಲ ಹೇಳು,” ಅಂದರು.

ಬೆಳೆ ಉಳಿಯಲಿ ಎಂಬ ಆಸೆ ಅವರಿಗೂ ಇತ್ತು, ಇಲ್ಲವೆನ್ನಲಾರೆ. ಒಂದೊಂದಾಗಿ ಮೂಸಿದೆ. ಡಬ್ಬಿ ಮೂಗಿಗೆ ಸೂಜಿ ಚುಚ್ಚಿದ ಹಾಗಿತ್ತು. ಮಲ್ಲಿಗೆಯದು ತಲೆ ತಿರುಗಿಸಿತು. ಹಾಲಿನಂಥದ್ದಕ್ಕೆ ವಾಸನೆಯೇ ಇರಲಿಲ್ಲ.

“ಹಳೇದನ್ನೂ ಕೊಡಿ ಇಲ್ಲಿ, ತಾಳೆ ನೋಡ್ತೀನಿ.”

ತಗಡಿನ ಕೈಪಂಪು ಕೊಟ್ಟರು. ಮುಚ್ಚಳ ಬಿಚ್ಚಿ ಮೂಗಿಗೆ ಹಿಡಿದೆ. ಸೀಮೆಎಣ್ಣೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಕಹಿಯಾದ, ಗಂಟಲು ಹಿಡಿಯುವ ವಾಸನೆ.

“ಇದರಲ್ಲಿ ಮೊದಲು ಏನಿತ್ತು?”

“ಯಜಮಾನ್ರ ಮನೇಲಿ ತಿಗಣೆ ಔಷಧಿ ಹೊಡೀತಿದ್ರು. ಈಗ್ಲೂ ಆಗಾಗ ಈಸ್ಕೊಂಡು ಹೊಡ್ದು ಕಳಿಸ್ತಾರೆ. ಯಾಕೆ, ನಾನು ತೊಳೀತೀನಲ್ಲ.”

ನಾನು ಪಂಪು ಕೆಳಗಿಟ್ಟು ತೊಟ್ಟಿಯ ಪಕ್ಕದ ಹಿಪ್ಪುನೇರಳೆ ಸಾಲಿಗೆ ಹೋದೆ. ಕಾರಿನಿಂದ ಒಂದು ಮಾರು ದೂರ. ಎಲೆ ಕಿತ್ತು ಮೂಸಿದೆ. ಅದೇ ವಾಸನೆ, ಹುಡುಕಿ ಮೂಸಿದರಷ್ಟೇ ಸಿಗುವಷ್ಟು ಸಣ್ಣಗೆ. ಎಳೇ ಹುಳಕ್ಕೆ ತೋಟದ ಆ ತುದಿಯಿಂದ ಕುಡಿ ಎಲೆ ತರುತ್ತಿದ್ದೆ. ನಾಲ್ಕನೇ ಜ್ವರ ಎದ್ದ ಮೇಲೆ ಬುಟ್ಟಿಗಟ್ಟಲೆ ಬೇಕಲ್ಲ, ಹೊರಲಾರದೆ ಹತ್ತಿರದ ಈ ಸಾಲುಗಳನ್ನೇ ಕೊಯ್ಯುತ್ತಿದ್ದೆ. ಕಾರು ಮಿಂಚುತ್ತಿತ್ತು, ಹುಳ ಸಾಯುತ್ತಿತ್ತು. ನಡುವೆ ನಾನು ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು ಅತ್ತಿದ್ದೆ.

ಎಲೆಯನ್ನು ಅವರ ಮೂಗಿಗೆ ಹಿಡಿದೆ. ಅವರು ಮೂಸಿದರು. ಪಂಪಿನ ಕಡೆ ನೋಡಿದರು, ಸಾಲಿನ ಕಡೆ ನೋಡಿದರು. ಆ ಮನುಷ್ಯನ ಮುಖ ನೋಡಿ ನನಗೆ ಬಯ್ಯುವ ಮನಸ್ಸಾಗಲಿಲ್ಲ. ಬಯ್ಯಲು ಶಕ್ತಿಯೂ ಇರಲಿಲ್ಲ ಅನ್ನಿ.

“ಅಮ್ಮಂಗೆ ಹೇಳ್ತೀನಿ. ಈ ಬೆಳೆ ನಿಲ್ಲಲಿ, ಆಮೇಲೆ ಹೇಳಿದ್ರೆ ನಂಬ್ತಾಳೆ,” ಅಂದರು.

“ಎಲ್ಲರ ಎದುರಿಗೆ ಹೇಳ್ಬೇಕು. ನನ್ನ ಕೈ ಹಾಳು ಅಂತ ಎಲ್ಲರ ಎದುರಿಗೇ ಅಂದಿದ್ದು.”

ಆಗಲಿ ಅಂದರು. ವಾಸನೆಯಿಲ್ಲದ ಹಾಲಿನ ಔಷಧಿಯನ್ನೇ ಆರಿಸಿಕೊಂಡರು. ಅದು ಸೋಮಾರಿ ಔಷಧಿ. ಎರಡೆರಡು ಸಲ ಹೊಡೆದು, ರಟ್ಟೆ ಬಿದ್ದುಹೋಗುವ ಹಾಗೆ ಉಜ್ಜಿದರಷ್ಟೇ ಹೊಳಪು. ಅದನ್ನೂ ತೋಟದಲ್ಲಿ ಹೊಡೆಯುವುದು ಬೇಡವೆಂದು ನೀರನ್ನು ಬಿಂದಿಗೆಯಲ್ಲಿ ಹೊತ್ತು ರಸ್ತೆ ಬದಿಗೆ ಕಾರು ಒಯ್ದು ತೊಳೆದರು. ನಾನು ಹತ್ತಿರದ ಸಾಲುಗಳನ್ನು ಬಿಟ್ಟು ಆ ತುದಿಯಿಂದ ಸೊಪ್ಪು ಹೊತ್ತೆ. ಇಬ್ಬರೂ ಸಂಜೆಗೆ ಮಾತಾಡಲಾರದಷ್ಟು ಸುಸ್ತಾಗುತ್ತಿದ್ದೆವು.

ಅಷ್ಟರಲ್ಲಿ ಅತ್ತೆಯದು ಹೊಸ ಅಪ್ಪಣೆ. ಇನ್ನು ಮೇಲೆ ಸೊಪ್ಪು ಇವಳ ಕೈಯಿಂದ ಬೀಳುವುದು ಬೇಡ, ನನ್ನ ಮಗ ಹಾಕಲಿ. ಹಾಗಾಗಿ ಕೊಯ್ಯುವುದು ನಾನು, ಹೊರುವುದು ನಾನು, ಕಸ ತೆಗೆಯುವುದು ನಾನು. ತಟ್ಟೆಯ ಮೇಲೆ ಉದುರಿಸುವುದು ಮಾತ್ರ ಅವರು. ಬೆಳೆ ನಿಂತರೆ ಸಾಕು ಎಂದು ಸುಮ್ಮನಿದ್ದೆ.

ಬೆಳೆ ನಿಂತಿತು. ಹುಳ ಹಣ್ಣಾಗಿ ಮೈ ಹೊನ್ನಿನ ಬಣ್ಣಕ್ಕೆ ತಿರುಗಿತು. ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟೆವು. ಅದರ ಸುತ್ತುಗಳ ತುಂಬ ಗೂಡು ಕಟ್ಟಿದವು, ಒಂದೊಂದೂ ಗಟ್ಟಿ. ನಾನು ಚಂದ್ರಿಕೆಯ ಮುಂದೆ ಕೂತು ಮನಸಾರೆ ಅತ್ತೆ. ಎಷ್ಟೋ ತಿಂಗಳ ಮೇಲೆ ಅಂದು ಮನೆಯಲ್ಲಿ ಸಾಸಿವೆ ಸಿಡಿಯಿತು.

ಗೂಡು ಬಿಡಿಸಲು ಬಂದ ಹೆಂಗಸರೆಲ್ಲ ಜಗಲಿಯ ಮೇಲಿದ್ದಾಗ ನನ್ನ ಗಂಡ ಮಾತು ಉಳಿಸಿಕೊಂಡರು. ಟವಲಿನಲ್ಲಿ ಕೈ ಒರೆಸುತ್ತ ನಿಂತು ಹೇಳಿದರು.

“ಅಮ್ಮ, ರತ್ನನ ಕೈಯದೇನೂ ತಪ್ಪಿರಲಿಲ್ಲ. ನಾನು ಕಾರಿಗೆ ಹೊಡೀತಿದ್ದ ಪಂಪಲ್ಲಿ ತಿಗಣೆ ಔಷಧಿ ಇತ್ತು. ಅದು ಸೊಪ್ಪಿನ ಮೇಲೆ ಬಿದ್ದು ಹುಳ ಸತ್ತಿದ್ದು. ಎರಡು ಸಲಾನೂ ಸಾಯ್ಸಿದ್ದು ನಾನೇ.”

ಹೆಂಗಸರ ಕೈ ಒಂದು ಗಳಿಗೆ ನಿಂತಿತು. ಅತ್ತೆ ಮಗನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಕಣ್ಣು ತುಂಬಿ ಬಂತು.

“ನೋಡ್ರೇ ನನ್ನ ಮಗನ್ನ! ಹೆಂಡ್ತಿಗೆ ಕೆಟ್ಟ ಹೆಸರು ಬರಬಾರದು ಅಂತ ತಾನೇ ತಲೆ ಮೇಲೆ ಹಾಕ್ಕೊಳ್ತಾನೆ. ನಾಯ್ನಾ, ನನ್ನಪ್ಪಾ, ನೀನು ಸೊಪ್ಪು ಹಾಕಿದ್ದಕ್ಕೇ ಕಣೋ ಹುಳ ನಿಂತಿದ್ದು. ನಿನ್ನ ಕೈಗುಣ ಅದು.”

“ಅಲ್ಲಮ್ಮ, ನಾನು ಹೇಳೋದು ಕೇಳು...”

“ಸುಮ್ನಿರೋ. ನಂಗೊತ್ತಿಲ್ವಾ?”

ಹೆಂಗಸರು ತಲೆಯಾಡಿಸಿದರು. ಎಂಥ ಗಂಡ ಸಿಕ್ಕಿದ್ದಾನೆ ರತ್ನಮ್ಮನಿಗೆ ಎಂದು ಒಬ್ಬಳು ನನ್ನ ಅದೃಷ್ಟವನ್ನು ಹೊಗಳಿದಳು. ನನ್ನ ಗಂಡ ಇನ್ನೂ ಎರಡು ಸಲ ಹೇಳಿ ನೋಡಿದರು. ಹೇಳಿದಷ್ಟೂ ಅವರ ಹೆಸರು ದೊಡ್ಡದಾಯಿತು. ಕೊನೆಗೆ ಸೋತು ನನ್ನ ಕಡೆ ನೋಡಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ದಾರಿ ಉಳಿದಿರಲಿಲ್ಲ.

ಅದೇ ವಾರ ಶಾಮಲಮ್ಮ ಬಂದಳು. ಅತ್ತೆ ಅವಳಿಗೂ ಮೊಟ್ಟೆ ತರಿಸಿಕೊಟ್ಟಿದ್ದರು, ಅವು ಒಡೆದು ಹುಳ ಬಂದಿತ್ತು.

“ಭಾವ, ಮೊದಲ್ನೇ ಸೊಪ್ಪು ನೀವೇ ಬಂದು ಹಾಕ್ಬೇಕು. ಸೊಪ್ಪೂ ನೀವೇ ಕೊಯ್ದು ತರ್ಬೇಕು.”

ಬರಲ್ಲ ಅಂದರೆ ಅವಳ ಬೆಳೆಗೆ ಕೇಡು ಬಯಸಿದ ಹಾಗೆ. ಹೋಗಲೇಬೇಕಿತ್ತು. ಆದರೆ ಆಗ ತಾನೆ ಒಡೆದ ಹುಳಕ್ಕೆ ಕುಡಿ ಎಲೆಯನ್ನು ನೂಲಿನಂತೆ ಸಣ್ಣಗೆ ಹೆಚ್ಚಬೇಕು. ಸ್ಟೇರಿಂಗ್ ಹಿಡಿದ ಕೈಗೆ ಅದೆಲ್ಲಿ ಬರಬೇಕು? ನಸುಕಿಗೇ ಎದ್ದು ತೋಟದ ತುದಿಗೆ ಹೋಗಿ ಕುಡಿ ಕೊಯ್ದು ತಂದೆ. ಒದ್ದೆ ಬಟ್ಟೆಯಲ್ಲಿಟ್ಟು, ಹೆಚ್ಚಿ, ತಟ್ಟೆಗೆ ಹಾಕಿ ಅವರ ಕೈಗೆ ಕೊಟ್ಟೆ. ಅವರು ಏನೋ ಹೇಳಲು ಬಾಯಿ ತೆರೆದರು. ನಡೀರಿ, ಎಲೆ ಬಾಡುತ್ತೆ ಅಂದೆ.

ಶಾಮಲಮ್ಮನ ಮನೆಯ ಬಾಗಿಲವರೆಗೆ ನಾನೂ ಹೋದೆ. ಅವಳು ನನ್ನ ತೋಳು ಹಿಡಿದು, ನೋಯಿಸಬಾರದೆಂಬ ದನಿಯಲ್ಲೇ ಹೇಳಿದಳು.

“ಅಕ್ಕಾ, ಬೇಜಾರು ಮಾಡ್ಕೋಬೇಡ. ನೀನು ಇಲ್ಲೇ ಇರು.”

ನಾನು ಜಗಲಿಯ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಶಾಮಲಮ್ಮನ ದನಿ ಸಂತೋಷದಿಂದ ಕೇಳಿತು: “ಹತ್ತಿದ್ವು ಭಾವ! ಎಲ್ಲಾ ಎಲೆಗೆ ಹತ್ತಿದ್ವು!”

ಆ ಎಲೆ ಕೊಯ್ದದ್ದೂ ಹೆಚ್ಚಿದ್ದೂ ನಾನೇ ಎಂದು ಕೂಗಿ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಹೇಳಿದ್ದರೆ ಶಾಮಲಮ್ಮ ಹುಳದ ಸಮೇತ ಆ ಎಲೆಯನ್ನು ತಿಪ್ಪೆಗೆ ಚೆಲ್ಲಿಬಿಡುತ್ತಿದ್ದಳು.